ಅಪ್‌ಡೇಟ್: ಒಣ ಚರ್ಮಕ್ಕೆ ಕ್ಯಾಪ್ಸೂಲ್ ತಗೊಳ್ಳಲಾ ಅಂತ ಕೇಳಿದ್ದೆ
ಬೆಂಗಳೂರಿನ ಡಿಸೆಂಬರ್ ಚಳಿಗೆ ಕಾಲಿನ ಚರ್ಮ ಒಣಗಿ ಉಗುರು ತಾಗಿದರೂ ಬಿಳಿ ಗೆರೆ ಮೂಡುತ್ತದೆ, ಈವ್ನಿಂಗ್ ಪ್ರಿಮ್‌ರೋಸ್ ಎಣ್ಣೆಯ (ಒಂದು ಹೂಗಿಡದ ಬೀಜದಿಂದ ತೆಗೆದದ್ದು) ಕ್ಯಾಪ್ಸೂಲ್ ತಗೊಳ್ಳಲಾ ಅಂತ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ತುಂಬಾ ಥ್ಯಾಂಕ್ಸ್.

ಜಯನಗರದಲ್ಲಿ ಚರ್ಮದ ಡಾಕ್ಟರಿಗೆ ತೋರಿಸಿದೆ. ಮೊದಲು ಥೈರಾಯ್ಡ್ ಟೆಸ್ಟ್ ಬರೆದುಕೊಟ್ಟರು. ಥೈರಾಯ್ಡ್ ಕಮ್ಮಿಯಾದರೂ ಚರ್ಮ ಒಣಗುತ್ತದೆ, ಅಲ್ವಾ? ರಿಪೋರ್ಟ್ ನಾರ್ಮಲ್ ಬಂತು.

ಕ್ಯಾಪ್ಸೂಲ್ ಬೇಡ ಅಂದರು. ಎಕ್ಸಿಮಾ (ಚರ್ಮ ಒಣಗಿ ತುರಿಸುವ ಕಾಯಿಲೆ) ಇದ್ದವರಿಗೇ ಅದು ಔಷಧಿಯಿಲ್ಲದ ಡಮ್ಮಿ ಮಾತ್ರೆಗಿಂತ ಹೆಚ್ಚು ಕೆಲಸ ಮಾಡಲಿಲ್ಲ ಅಂತ, ಹಲವು ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2013ರ ವರದಿಯಲ್ಲಿದೆ. ವಿಟಮಿನ್ ಎ ಮಾತ್ರೆಯನ್ನಂತೂ ಸುಮ್ನೆ ನುಂಗಬೇಡಿ, ಜಾಸ್ತಿಯಾದರೆ ಚರ್ಮ ಇನ್ನೂ ಒಣಗುತ್ತದೆ.

ಈಗ ಬಿಸಿನೀರು ಬಿಟ್ಟು ಉಗುರುಬೆಚ್ಚಗಿನ ನೀರಲ್ಲಿ ಸ್ನಾನ. ಮೈ ಇನ್ನೂ ಸ್ವಲ್ಪ ಒದ್ದೆ ಇರುವಾಗಲೇ ಪೆಟ್ರೋಲಿಯಂ ಜೆಲ್ಲಿ ಹಚ್ಚುತ್ತೇನೆ. ತುರಿಕೆ ನಿಂತಿದೆ. ಅಮ್ಮನ ಅಗಸೆ ಚಟ್ನಿಪುಡಿ ಮಾತ್ರ ಮುಂದುವರಿದಿದೆ, ಚರ್ಮಕ್ಕಲ್ಲ, ರುಚಿಗೋಸ್ಕರ.