ಹೊಟ್ಟೆಯ ಜೋಲು ಚರ್ಮದ ಆಪರೇಷನ್: ಸರ್ಕಾರ ಖರ್ಚು ಕೊಡಬೇಕೇ?

ಪ್ರಶ್ನೆ: ತುಂಬಾ ತೂಕ ಇಳಿದ ಮೇಲೆ ಜೋತುಬೀಳುವ ಚರ್ಮ ತೆಗೆಸಲು ಸಾರ್ವಜನಿಕ ಹಣ ಬಳಸಬಹುದೇ? ಇಲ್ಲವೇ ಇದು ಬರೀ ಅಂದದ ವಿಷಯವೇ?

ಉತ್ತರ 1: ಎರಡು ಆಪರೇಷನ್‌ಗಳನ್ನು ಒಂದೇ ಅಂದುಕೊಳ್ಳಬೇಡಿ. ಪ್ಯಾನಿಕ್ಯುಲೆಕ್ಟಮಿಯಲ್ಲಿ ಜೋಲುವ ಚರ್ಮ, ಕೊಬ್ಬನ್ನಷ್ಟೇ ಕತ್ತರಿಸುತ್ತಾರೆ. ಟಮ್ಮಿ ಟಕ್‌ನಲ್ಲಿ ಸಾಮಾನ್ಯವಾಗಿ ಸ್ನಾಯುವನ್ನೂ ಬಿಗಿದು ಹೊಲಿಯುತ್ತಾರೆ, ಹೊಕ್ಕುಳಿಗೆ ಚರ್ಮದಲ್ಲಿ ಹೊಸ ತೂತು ಮಾಡುತ್ತಾರೆ. ಮಡಿಕೆಯಡಿ ಬೆವರು ನಿಂತು ಪದೇ ಪದೇ ಹುಣ್ಣು, ಶಿಲೀಂಧ್ರ ಸೋಂಕು ಆಗಿ ಮುಲಾಮಿಗೂ ಬಗ್ಗದಿದ್ದರೆ ಮೊದಲನೆಯದಕ್ಕೆ ಹಣ ಕೊಡಲೇಬೇಕು.

ಉತ್ತರ 2: ಹೆರಿಗೆಯ ನಂತರ ಹೊಟ್ಟೆಯ ಸ್ನಾಯು ಅಗಲವಾಗಿ ಬಿರಿದು, ತಿಂಗಳುಗಟ್ಟಲೆ ಫಿಸಿಯೋಥೆರಪಿ ಮಾಡಿದರೂ ಬೆನ್ನುನೋವು ಹೋಗದಿದ್ದರೆ? ಆಗ ಸ್ನಾಯು ಬಿಗಿಯುವ ಟಮ್ಮಿ ಟಕ್ ಅನ್ನೂ ಅಂದದ ಲೆಕ್ಕಕ್ಕೆ ಹಾಕುವುದು ಅನ್ಯಾಯ.

ಉತ್ತರ 3: ಕೊಡಲಿ, ಆದರೆ ಷರತ್ತಿರಲಿ. ತೂಕ ಕನಿಷ್ಠ 6 ತಿಂಗಳು ಸ್ಥಿರವಾಗಿರಬೇಕು, ಸಿಗರೇಟು 4 ವಾರ ಮೊದಲೇ ಬಂದ್. ನಿಕೋಟಿನ್ ರಕ್ತನಾಳ ಕುಗ್ಗಿಸುವುದರಿಂದ ಹೊಲಿಗೆಯಂಚಿನ ಚರ್ಮ ಸತ್ತುಹೋಗಬಹುದು. ಆಪರೇಷನ್ ಆದ ಮೇಲೆ ಚರ್ಮದಡಿ ನೀರು ತುಂಬಿದರೆ ಸೂಜಿಯಿಂದ ಹೀರಿಸಬೇಕು. ಆ ಖರ್ಚನ್ನು ಯಾರೂ ಲೆಕ್ಕ ಹಾಕುವುದೇ ಇಲ್ಲ!