ಸಹಾಯ ಬೇಕು: ಬಿಎಂಡಬ್ಲ್ಯು ಎಂ5 ಕಾರಿನ ಗೇರ್‌ಬಾಕ್ಸ್ ಬದಲಾದ ಕಾರಣ

ಎಲ್ಲರಿಗೂ ನಮಸ್ಕಾರ. ಪಾಲಿಟೆಕ್ನಿಕ್ ವಿದ್ಯಾರ್ಥಿಗಳಿಗಾಗಿ ಗೇರ್‌ಬಾಕ್ಸ್ ಕುರಿತು ಕನ್ನಡದಲ್ಲಿ ಪಾಠವೊಂದನ್ನು ಸಿದ್ಧಪಡಿಸುತ್ತಿದ್ದು, ಅದರ ಒಂದು ಭಾಗಕ್ಕೆ ಬಲ್ಲವರ ನೆರವು ಬೇಕಾಗಿದೆ.

ಉದಾಹರಣೆಗೆ ನಾನು ಆರಿಸಿಕೊಂಡದ್ದು ಬಿಎಂಡಬ್ಲ್ಯು ಎಂ5. ಇದರ ಇ60 ಪೀಳಿಗೆಯಲ್ಲಿ 10 ಸಿಲಿಂಡರ್‌ಗಳ ಎಂಜಿನ್‌ಗೆ 7 ಗೇರ್‌ಗಳ ಎಸ್‌ಎಂಜಿ (ಸೀಕ್ವೆನ್ಷಿಯಲ್ ಮ್ಯಾನುವಲ್ ಗೇರ್‌ಬಾಕ್ಸ್) ಜೋಡಿಸಿದ್ದರು. ಕ್ಲಚ್ ಪೆಡಲ್ ಇಲ್ಲದಿದ್ದರೂ ಅದು ಮೂಲತಃ ಮ್ಯಾನುವಲ್ ಗೇರ್‌ಬಾಕ್ಸೇ: ಹೈಡ್ರಾಲಿಕ್ ಒತ್ತಡವು ಇರುವ ಒಂದೇ ಕ್ಲಚ್ಚನ್ನು ಬಿಡಿಸಿ, ಗೇರ್ ಬದಲಿಸಿ, ಮತ್ತೆ ಕೂಡಿಸುವಷ್ಟರಲ್ಲಿ ಚಕ್ರಗಳಿಗೆ ಬಲ ಹರಿಯುವುದು ಕ್ಷಣಕಾಲ ನಿಲ್ಲುವುದರಿಂದ ಕಾರು ಜಗ್ಗಿದಂತಾಗುತ್ತದೆ. 2011ರ ಎಫ್10 ಪೀಳಿಗೆಗೆ ಎರಡು ಕ್ಲಚ್‌ಗಳ ವ್ಯವಸ್ಥೆ ಬಂತು. ಬೆಸ ಗೇರ್‌ಗಳಿಗೊಂದು, ಸಮ ಗೇರ್‌ಗಳಿಗೊಂದು ಕ್ಲಚ್ ಇರುವುದರಿಂದ ಮುಂದಿನ ಗೇರ್ ಮೊದಲೇ ಸಿದ್ಧವಾಗಿರುತ್ತದೆ. ನನ್ನ ಮಟ್ಟಿಗೆ ಇದು ಅತ್ಯಂತ ಸುಂದರವಾದ ಪರಿಹಾರ. ಆದರೂ 2017ರಲ್ಲಿ ಬಂದ ಎಫ್90ಗೆ 8 ಗೇರ್‌ಗಳ ಟಾರ್ಕ್ ಕನ್ವರ್ಟರ್ ಆಟೋಮ್ಯಾಟಿಕ್ ಅನ್ನೇ ಆರಿಸಿದರು.

ಎಂಜಿನ್‌ನ ಟಾರ್ಕ್ (ತಿರುಗಿಸುವ ಬಲ) ಇ60ರಲ್ಲಿದ್ದ 520ರಿಂದ ಎಫ್90ರಲ್ಲಿ 750 ನ್ಯೂಟನ್ ಮೀಟರ್‌ಗೆ ಏರಿದ್ದು ಇದಕ್ಕೆ ಮುಖ್ಯ ಕಾರಣವೇ, ಅಥವಾ ವಾಹನದಟ್ಟಣೆಯಲ್ಲಿ ಕ್ಲಚ್ ಅರ್ಧ ಕೂಡಿಕೊಂಡು ಜಾರುವಾಗ ಹುಟ್ಟುವ ಶಾಖ ಮತ್ತು ಸವೆತವನ್ನು, ದ್ರವದ ಮೂಲಕ ಬಲ ಸಾಗಿಸುವ ಕನ್ವರ್ಟರ್ ತಪ್ಪಿಸುತ್ತದೆ ಎಂಬುದೇ? ಈ ಮೂರು ಬಗೆಯ ಗೇರ್‌ಬಾಕ್ಸ್‌ಗಳಲ್ಲಿ ಯಾವುದನ್ನಾದರೂ ಬಿಚ್ಚಿ ದುರಸ್ತಿ ಮಾಡಿದವರು ಅಥವಾ ದೀರ್ಘಕಾಲ ಓಡಿಸಿದವರು ಇದ್ದರೆ, ಕ್ಲಚ್ ತಟ್ಟೆಗಳ ಸವೆತ ಹೇಗಿತ್ತೆಂದು ದಯವಿಟ್ಟು ವಿವರವಾಗಿ ತಿಳಿಸಬೇಕಾಗಿ ವಿನಂತಿ. ಬಿಚ್ಚಿದ ಭಾಗಗಳ ಚಿತ್ರಗಳಿದ್ದರೆ ತರಗತಿಯಲ್ಲಿ ತೋರಿಸಲು ಬಹಳ ಉಪಯೋಗವಾಗುತ್ತದೆ.