ಹಳೇ ಸೋಲಾರ್ ಕ್ಯಾಲ್ಕುಲೇಟರ್ ಬಿಚ್ಚಬಹುದಾ? ಅನುಭವ ಇದ್ದವರು ಹೇಳಿ

ಉಡುಪಿ ರಥಬೀದಿ: ಅಪ್ಪ ಅಂಗಡಿಯಲ್ಲಿ ಬಳಸುತ್ತಿದ್ದ 80ರ ದಶಕದ ಸೋಲಾರ್ ಕ್ಯಾಲ್ಕುಲೇಟರ್ ಉಂಟು. ಬಲತುದಿಯ ಅಂಕೆಯಲ್ಲಿ ಕೆಲವು ಗೆರೆ ಮೂಡುವುದೇ ಇಲ್ಲ. ನಾನೇ ಬಿಚ್ಚಲಾ, ರಿಪೇರಿಗೆ ಕೊಡಲಾ?

ಬಂದರು ಗುಮಾಸ್ತ: ರಿಪೇರಿಗೆ ಮಾತ್ರ ಕೊಡಬೇಡಿ ಮಾರಾಯ್ರೆ. ನನ್ನದರ ಒಳಗೆ ಸೋಲಾರ್ ಪ್ಲೇಟಿನ ಎರಡು ವಯರಿಗೆ ಅಡ್ಡವಾಗಿ ಒಂದು ಕೆಂಪು ಎಲ್‌ಇಡಿ ಇತ್ತು. ಬಿಸಿಲು ಜೋರಾಗಿ ವೋಲ್ಟೇಜ್ ಏರಿದರೆ ಹೆಚ್ಚಿನ ಕರೆಂಟನ್ನು ಅದೇ ಎಳೆದುಕೊಳ್ಳುತ್ತದೆ, ಚಿಪ್ ಉಳಿಯುತ್ತದೆ. ಅಂಗಡಿಯವ ‘ಉರಿಯದ ಲೈಟ್ ಯಾಕೆ’ ಅಂತ ಅದನ್ನೇ ಕಿತ್ತು ಹಾಕಿದ. ಈಗ ಕಿಟಕಿ ಹತ್ತಿರ ಹಿಡಿದರೆ ಸಾಕು, ಎಲ್ಲಾ ಅಂಕೆಯೂ 8 ಆಗಿ ಕಪ್ಪಾಗುತ್ತದೆ. ಮಜೂರಿ 350, ‘ಚೆಕ್ಕಿಂಗ್’ ಅಂತ ಮೇಲೆ 60. ರಶೀದಿಯೂ ಇಲ್ಲ. ಕೇಳಲು ಹೋದರೆ ‘ಇದಕ್ಕಿಂತ ಕಮ್ಮಿಗೆ ಹೊಸತು ಸಿಗ್ತದೆ’ ಅಂದ. ನನಗೆ ಹೊಸತು ಬೇಕಿರಲಿಲ್ಲ.

ಮಣಿಪಾಲದವಳು: ನನ್ನದನ್ನು ನಾನೇ ಬಿಚ್ಚಿದೆ, ಇವತ್ತಿಗೂ ಓಡುತ್ತಿದೆ. ಪರದೆಯ ಗಾಜಿಗೂ ಬೋರ್ಡಿಗೂ ನಡುವೆ ಬೆಸುಗೆ ಇರಲಿಲ್ಲ, ರಬ್ಬರಿನ ಜೀಬ್ರಾ ಪಟ್ಟಿ ಒತ್ತಿಕೊಂಡಿತ್ತು. ಹತ್ತಿರ ಹಿಡಿದರೆ ಒಂದು ಕಪ್ಪು ಗೆರೆ, ಒಂದು ಬಿಳಿ ಗೆರೆ. ಕಪ್ಪಿನಲ್ಲಿ ಕರೆಂಟ್ ಹೋಗುತ್ತದೆ, ಬಿಳಿಯಲ್ಲಿ ಇಲ್ಲ. ಮಳೆಗಾಲದ ತೇವಕ್ಕೆ ಅಲ್ಲಿ ಬೂಸ್ಟು ಹಿಡಿದಿತ್ತು. ಒರೆಸಲು ಐಸೋಪ್ರೊಪೈಲ್ ಆಲ್ಕೋಹಾಲ್ 180, ಸಣ್ಣ ಸ್ಕ್ರೂಡ್ರೈವರ್ ಸೆಟ್ 240. ಪರದೆ ಮೇಲಿನ ಪೊಲರೈಸರ್ ಹಾಳೆಯೂ (ಅದಿಲ್ಲದೆ ಅಂಕೆ ಕಾಣುವುದಿಲ್ಲ) ಹೋಗಿತ್ತು, ಬಿಡಿಸುವಾಗ ವಿನೆಗರ್ ವಾಸನೆ. ಹೊಸ ಹಾಳೆ ಕೊರಿಯರ್ ಸೇರಿ 310. ಬರುವಾಗಲೇ ಮಡಚಿ ಹಾಳಾಗಿತ್ತು, ಮತ್ತೆ 310. ಒಂದು ರೂಪಾಯಿಗೂ ಬೇಸರ ಇಲ್ಲ.

ಬಂದರು ಗುಮಾಸ್ತ: ಎಲ್ಲರ ಮನೆಯಲ್ಲೂ ಲ್ಯಾಬ್ ಇರುವುದಿಲ್ಲ ಮೇಡಂ.

ಮಣಿಪಾಲದವಳು: ಊಟದ ಮೇಜಿನ ಮೇಲೆ ಮಾಡಿದ್ದು. ಲ್ಯಾಬ್ ಎಲ್ಲಿಂದ ಬಂತು?

ಕುಂದಾಪುರ ಮಾಸ್ಟ್ರು: ಸುಮ್ನೆ ಬಿಚ್ಚಿ ಬಿಚ್ಚಿ ಅನ್ನಬೇಡಿ. ನನ್ನದು ಕಾಸಿಯೋ ಎಸ್‌ಎಲ್-800, 1983ರಲ್ಲಿ ಬಂದದ್ದು. ದಪ್ಪ ಬರೇ 0.8 ಮಿಲಿಮೀಟರ್. ಪದರ ಪದರವಾಗಿ ಅಂಟಿಸಿದ್ದು. ನಿಮ್ಮ ಮಾತು ಕೇಳಿದ್ದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಪ್ರತಿ ಮಳೆಗಾಲ ಅಕ್ಕಿ ಡಬ್ಬದಲ್ಲಿ ಇಡುತ್ತೇನೆ, ಏನೂ ಆಗಿಲ್ಲ.

ಮಣಿಪಾಲದವಳು: ಅಕ್ಕಿಯಾ? ಆಟಿ ತಿಂಗಳಲ್ಲಿ ನಮ್ಮಲ್ಲಿ ಅಕ್ಕಿಯೇ ತೇವ. ಅದರ ಹುಡಿ ಕೀಲಿಗಳ ಸಂದಿಗೆ ಹೋದರೆ ತೆಗೆಯುವವರು ಯಾರು? ಸಿಲಿಕಾ ಜೆಲ್ ಹಾಕಿ.

ಕುಂದಾಪುರ ಮಾಸ್ಟ್ರು: ನಾನು ಹಾಕಿದ್ದು ಕುಚ್ಚಲಕ್ಕಿ, ಬಟ್ಟೆಯಲ್ಲಿ ಸುತ್ತಿ. ಹುಡಿ ಆಗುವುದು ಬೆಳ್ತಿಗೆಯಲ್ಲಿ. ಅಡುಗೆಮನೆ ಗೊತ್ತಿಲ್ಲದವರು ಪಾಠ ಮಾಡಬೇಡಿ.

ಮಣಿಪಾಲದವಳು: ವೈಯಕ್ತಿಕ ಮಾತು ಬೇಡ ಸರ್.

ಉಡುಪಿ ರಥಬೀದಿ: ನನ್ನದು ದಪ್ಪದ್ದು. ಹಿಂದೆ ಸ್ಕ್ರೂ ಉಂಟು.

ಬಂದರು ಗುಮಾಸ್ತ: ಹಾಗಾದರೆ ಬಿಚ್ಚಿ. ಪಟ್ಟಿ ಒರೆಸಿ, ಬೆರಳು ತಾಗಿಸಬೇಡಿ. ಎಲ್‌ಇಡಿ ಕಂಡರೆ ಅದನ್ನು ಅಲ್ಲೇ ಬಿಡಿ.

ಕುಂದಾಪುರ ಮಾಸ್ಟ್ರು: ಸಿಲಿಕಾ ಜೆಲ್ ಕೂಡ ತೇವ ಕುಡಿದು ಕುಡಿದು ಸಾಕಾಗುತ್ತದೆ. ಆಮೇಲೆ ಅದನ್ನು ಬಿಸಿ ಮಾಡಿ ಒಣಗಿಸಬೇಕು. ಅದನ್ನೂ ಹೇಳಿ ಮೇಡಂ.